ಪವರ್ ಬಿಐನಲ್ಲಿ ಪ್ರತಿ ವರ್ಷ ಏರುವ ಚಂದಾ ಲೆಕ್ಕ: ಹಿಂದಿನ ವರ್ಷದ ಮೊತ್ತ ತಂದು ಗುಣಿಸುವುದು ಹೇಗೆ?

ನಿಮ್ಮ ಚಂದಾ ಕರಾರು ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದು, ಅದರ ಲೆಕ್ಕವನ್ನು ಮೈಕ್ರೋಸಾಫ್ಟ್‌ನ ರಿಪೋರ್ಟ್ ಸಾಫ್ಟ್‌ವೇರ್ ಪವರ್ ಬಿಐನಲ್ಲಿ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಹಿಂದಿನ ವರ್ಷದ ಮೊತ್ತ ತರಬೇಡಿ. ನಾನೂ ಒಂದು ವಾರ ಅದನ್ನೇ ಮಾಡಲು ಹೋಗಿ ಸರ್ಕ್ಯುಲರ್ ಡಿಪೆಂಡೆನ್ಸಿ ಎರರ್ (ಲೆಕ್ಕ ತನ್ನನ್ನೇ ಆಧರಿಸಿದೆ ಎಂಬ ದೋಷ) ನೋಡುತ್ತಾ ಕೂತಿದ್ದೆ. ಎಕ್ಸೆಲ್‌ನಂತೆ ಮೇಲಿನ ಸೆಲ್ ಹಿಡಿದು ಎಳೆಯುವ ದಾರಿ ಪವರ್ ಬಿಐನ ಸೂತ್ರ ಭಾಷೆಯಾದ ಡ್ಯಾಕ್ಸ್‌ನಲ್ಲಿಲ್ಲ. ಕಾಲಮ್ ತನ್ನದೇ ಹಿಂದಿನ ಸಾಲಿನ ಉತ್ತರವನ್ನು ಓದುವುದಿಲ್ಲ. '1 + ದರ'ಕ್ಕೆ ತುಂಬಿದ ವರ್ಷಗಳಷ್ಟು ಘಾತ ಹಾಕಿ, ಅದರಿಂದ ಮೂಲ ಮೊತ್ತವನ್ನೇ ನೇರವಾಗಿ ಗುಣಿಸಿ: ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ 8% ಏರಿಕೆ ಅಂದರೆ 1,080, 1,166.40, 1,259.71.

ಆದರೆ ನಾನು ಪೆಟ್ಟು ತಿಂದದ್ದು ಇಲ್ಲಲ್ಲ, ವರ್ಷ ಎಣಿಸುವಲ್ಲಿ.

ರಾಯಚೂರಿನಲ್ಲಿ ಕೂತು ರೈಸ್ ಮಿಲ್ಲು, ಹತ್ತಿ ಜಿನ್ನಿಂಗ್ ಮಿಲ್ಲುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುವ ಕೆಲಸ ನಮ್ಮದು. ಬಿಲ್ಲಿನ ಮೊತ್ತವೆಲ್ಲ ನಾನು ಕಟ್ಟಿದ ರಿಪೋರ್ಟ್‌ನಿಂದಲೇ ಹೋಗುತ್ತಿತ್ತು. ಗಂಗಾವತಿಯ ಒಂದು ಮಿಲ್ಲಿನ ಕರಾರು 2021ರ ಡಿಸೆಂಬರ್ 12ಕ್ಕೆ ಶುರು. ವರ್ಷ ಎಣಿಸಲು, ಎರಡು ತಾರೀಖುಗಳ ಅಂತರ ಕೊಡುವ ಡೇಟ್‌ಡಿಫ್‌ಗೆ 'ಇಯರ್' ಅಂತ ಕೊಟ್ಟಿದ್ದೆ. ಈ ಫಂಕ್ಷನ್ 365 ದಿನ ತುಂಬಿತೇ ಅಂತ ನೋಡುವುದೇ ಇಲ್ಲ. ನಡುವೆ ಎಷ್ಟು ಜನವರಿ 1 ದಾಟಿದವು ಅಂತಷ್ಟೇ ಎಣಿಸುತ್ತದೆ. ಡಿಸೆಂಬರ್ 31ರಿಂದ ಮರುದಿನಕ್ಕೂ ಅದರ ಪ್ರಕಾರ 1 ವರ್ಷ. ಒಂದೇ ವರ್ಷದ ಜನವರಿ 1ರಿಂದ ಡಿಸೆಂಬರ್ 31ಕ್ಕೆ 0. ಹಾಗಾಗಿ ಒಂದೇ ತಿಂಗಳಲ್ಲಿ ಆ ಮಿಲ್ಲಿಗೆ ದರ ಏರಿತು. ನಾನು ಪರೀಕ್ಷೆಗೆ ಹಿಡಿದಿದ್ದ ಗಿರಾಕಿ ಜನವರಿ 1ಕ್ಕೆ ಶುರುವಾದವರು, ಅಲ್ಲಿ ಎಲ್ಲ ಸರಿಯಾಗೇ ಇತ್ತು!

ವರ್ಷದ ಕೊನೆಗೆ ಕರೆ ಬಂತು. ಮಾನ್ವಿ, ಸಿಂಧನೂರು, ಕಾರಟಗಿ ದಾಟಿ ಗಂಗಾವತಿಗೆ ಹೋದೆ. ಗುಮಾಸ್ತರು 12 ಬಿಲ್ಲುಗಳನ್ನು ಸಾಲಾಗಿ ಹರವಿದರು. ಮೊದಲನೆಯದಷ್ಟೇ 1,000, ಉಳಿದ 11 ಎಲ್ಲವೂ 1,080. "ಕರಾರು ಆಗಿ ತಿಂಗಳದಾಗ ನಿಮಗ ವರ್ಷ ತುಂಬಿತೇನ್ರಿ ಸರ?" ಅಂದರು. 880 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 1,038.40ಕ್ಕೆ ಕ್ರೆಡಿಟ್ ನೋಟ್ ಬರೆದುಕೊಟ್ಟೆ. ಆಮೇಲೆ ಉಳಿದ ಗಿರಾಕಿಗಳ ಬಿಲ್ಲುಗಳನ್ನೂ ಒಂದೊಂದಾಗಿ ತೆಗೆದು ನೋಡಬೇಕಾಯಿತು. ದುಡ್ಡಿಗಿಂತ, ಆ ಸಾಹುಕಾರರು ಮುಂದೆ ನಮ್ಮ ಪ್ರತಿ ಬಿಲ್ಲನ್ನೂ ಕ್ಯಾಲ್ಕುಲೇಟರ್ ಹಿಡಿದು ನೋಡತೊಡಗಿದ್ದು ನನಗೆ ನೋವಾಯಿತು.

ಈಗ ಹೀಗೆ ಮಾಡುತ್ತೇನೆ: ಬಿಲ್ಲಿನ ಇಸವಿಯಿಂದ ಕರಾರಿನ ಇಸವಿ ಕಳೆದು, ಆ ವರ್ಷದ ಕರಾರಿನ ತಾರೀಖು ಇನ್ನೂ ಬಂದಿಲ್ಲವಾದರೆ ಮತ್ತೆ 1 ಕಳೆಯುತ್ತೇನೆ. ನಿಮ್ಮದು ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಕರಾರಾದ್ದರಿಂದ ದರ ವರ್ಷಕ್ಕೊಂದು ಇರುತ್ತದೆ, ಒಂದೇ ಘಾತ ಸಾಲದು. ದರಗಳದ್ದೇ ಬೇರೆ ಟೇಬಲ್ ಮಾಡಿ, ತುಂಬಿದ ವರ್ಷಗಳವರೆಗಿನ '1 + ದರ'ಗಳನ್ನು ಗುಣಾಕಾರದ ಫಂಕ್ಷನ್ ಆದ ಪ್ರಾಡಕ್ಟ್‌ಎಕ್ಸ್‌ನಿಂದ ಗುಣಿಸಿ. ಇನ್ನೂ ಒಂದೂ ವರ್ಷ ತುಂಬದ ಸೊನ್ನೆಯ ವರ್ಷಕ್ಕೆ 0 ದರದ ಸಾಲು ಇರಲಿ, ಇಲ್ಲದಿದ್ದರೆ ಮೊದಲ ವರ್ಷದ ಮೊತ್ತ ಖಾಲಿ ಬರುತ್ತದೆ.

ಮೆಷರ್ (ನೋಡುವವರ ಆಯ್ಕೆಗೆ ತಕ್ಕಂತೆ ಆಗಿಂದಾಗಲೇ ಲೆಕ್ಕ ಕಟ್ಟುವ ಸೂತ್ರ) ಬರೆಯಲೇ ಅಂತಲೂ ಕೇಳಿದ್ದೀರಿ. ಬೇಡ. ಸ್ಲೈಸರ್ (ರಿಪೋರ್ಟ್‌ನಲ್ಲಿ ಬೇಕಾದ್ದನ್ನು ಆರಿಸುವ ಗುಂಡಿ) ಒತ್ತಿದಾಗ ಬದಲಾಗುವ ಅಂಕಿಯನ್ನು ಗಿರಾಕಿಯ ಕೈಗೆ ಕೊಡಬಾರದು. ಗಿರಾಕಿಗೆ, ಕಂತಿಗೆ ಒಂದೊಂದು ಸಾಲಿರುವ ಟೇಬಲ್ ಮಾಡಿ, ಮೊತ್ತವನ್ನು ಕಾಲಮ್‌ನಲ್ಲೇ ಇಡಿ. ಆಮೇಲೆ ಡಿಸೆಂಬರ್‌ನಲ್ಲಿ ಶುರುವಾದ ಒಬ್ಬರನ್ನು ಹಿಡಿದು ಅವರ ಜನವರಿ ಕಂತು ನೋಡಿ. ಅದು ಏರಿದ್ದರೆ ಆ ತಿಂಗಳು ಯಾರಿಗೂ ಬಿಲ್ಲು ಕಳಿಸಬೇಡಿ.