ಲೆಕ್ಕದ ಹೆಂಡತಿ, ಅಂದಾಜಿನ ಗಂಡ

ಪ್ರಶ್ನೆ: ನನಗೆ 36 ವರ್ಷ, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೇನೆ. ಯಜಮಾನರದು ದಾವಣಗೆರೆಯಲ್ಲಿ ಕಿರಾಣಿ ಅಂಗಡಿ. ನಾನು ಮಿಕ್ಸಿ ಕೊಳ್ಳಲೂ ಎರಡು ತಿಂಗಳು ವಿಚಾರಿಸುವವಳು. ಅವರು ಯೋಚನೆಯೇ ಮಾಡದ ಮನುಷ್ಯ. ಉದ್ರಿ ಕೊಡುವುದೂ ಮುಖ ನೋಡಿಯೇ. 14 ವರ್ಷದಲ್ಲಿ ಮುಳುಗಿದ್ದು ಕಡಿಮೆ ಅನ್ನುವುದು ನಿಜ. ಈಗ ಊರಾಚೆ ಹೊಸ ಲೇಔಟ್‌ನಲ್ಲಿ 24 ಲಕ್ಷದ ಸೈಟು ನೋಡಿ, ತಿಂಗಳ ಕೊನೆಗೆ 5 ಲಕ್ಷ ಅಡ್ವಾನ್ಸ್ ಕೊಡಲು ಹೊರಟಿದ್ದಾರೆ. ಕಾಗದ ನೋಡೋಣ ಅಂದರೆ, "ನಿನ್ನ ಲೆಕ್ಕ ಮುಗಿಯುವಷ್ಟರಲ್ಲಿ ಸೈಟು ಹೋಗಿರುತ್ತೆ" ಅಂತ ಅತ್ತೆಯ ಎದುರೇ ರೇಗಿದರು. ಮೂರು ದಿನದಿಂದ ಮಾತಿಲ್ಲ. ತಪ್ಪು ನನ್ನದಾ?

ಉತ್ತರ: ಸೈಟಿನ ವಿಷಯದಲ್ಲಿ ತಪ್ಪು ನಿಮ್ಮದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ತಿಂಗಳ ಕೊನೆ ದೂರವಿಲ್ಲ.

ಆದರೆ ಅವರು ಯೋಚನೆಯೇ ಮಾಡುವುದಿಲ್ಲ ಅಂದಿರಲ್ಲ, ಅದನ್ನು ಒಪ್ಪಲಾರೆ. ಉದ್ರಿ ಕೊಟ್ಟು ಕೊಟ್ಟು, ಕೆಲವರು ಕೈಯೆತ್ತಿದ್ದನ್ನು ನೋಡಿ ನೋಡಿ ಅವರ ಕಣ್ಣು ಪಳಗಿದೆ. ಲೆಕ್ಕ ನಡೆದೇ ಇದೆ, ಪುಸ್ತಕದಲ್ಲಿ ಅಲ್ಲ ಅಷ್ಟೇ. ನಿಮಗೂ ಸಾಲದ ಫೈಲು ತೆರೆದ ಕೂಡಲೇ "ಇದರಲ್ಲೇನೋ ಎಡವಟ್ಟಿದೆ" ಅನ್ನಿಸುವುದಿಲ್ವಾ? ಕಾರಣ ಆಮೇಲೆ ಸಿಗುತ್ತದೆ. ಅದೂ ಅಂದಾಜೇ.

ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರಿದ್ದರು. ಕಾಹ್ನೆಮನ್ ನಮ್ಮ ಅಂದಾಜು ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಹುಡುಕಿದವರು, 2002ರಲ್ಲಿ ನೊಬೆಲ್ ಬಂತು. ಕ್ಲೈನ್ ಅಗ್ನಿಶಾಮಕ ದಳದವರ ಜೊತೆ ಓಡಾಡಿ, ಅನುಭವಸ್ಥರ ಅಂದಾಜು ಎಷ್ಟು ಗಟ್ಟಿ ಅಂತ ತೋರಿಸಿದವರು. ಒಬ್ಬರದು ಪೂರ್ವ, ಇನ್ನೊಬ್ಬರದು ಪಶ್ಚಿಮ. ಆದರೂ ಜಗಳವಾಡುವ ಬದಲು ಕೂತು ಮಾತಾಡಿ 2009ರಲ್ಲಿ ಒಂದೇ ಲೇಖನ ಬರೆದರು. (ಗಂಡ ಹೆಂಡತಿಗಿಂತ ವಾಸಿ!) ಅವರು ಒಪ್ಪಿದ್ದು ಇಷ್ಟು: ಕೆಲಸಕ್ಕೆ ಒಂದು ಕ್ರಮ ಇರಬೇಕು, ಅದನ್ನು ಮತ್ತೆ ಮತ್ತೆ ಮಾಡಿರಬೇಕು, ಸರಿಯೋ ತಪ್ಪೋ ಬೇಗ ತಿಳಿಯುತ್ತಿರಬೇಕು. ಆಗ ಅಂದಾಜನ್ನು ನಂಬಬಹುದು.

ಉದ್ರಿಗೆ ಇದೆಲ್ಲ ಇದೆ. ಸೈಟಿಗೆ? ನಿಮ್ಮವರು ಈವರೆಗೆ ಎಷ್ಟು ಸೈಟು ಕೊಂಡಿದ್ದಾರೆ? ತಪ್ಪಾಗಿದ್ದರೆ ಅದು ಗೊತ್ತಾಗುವುದು ಮನೆ ಕಟ್ಟಲು ಹೋದಾಗ. ಇಲ್ಲಿ ಕಾಗದವೇ ಮಾತಾಡಬೇಕು. ಇ.ಸಿ. (ಜಾಗದ ಮೇಲಿನ ಸಾಲ, ವ್ಯವಹಾರ ತೋರಿಸುವ ಪತ್ರ), ಖಾತೆ, ಕನ್ವರ್ಷನ್ ಆದೇಶ (ಹೊಲವನ್ನು ಬೇರೆ ಬಳಕೆಗೆ ಬದಲಿಸಿದ ಅನುಮತಿ) ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಲೇಔಟ್ 500 ಚದರ ಮೀಟರ್ ದಾಟಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು. ಆ ಕಾಯ್ದೆಯ ಪ್ರಕಾರ ಮಾರಾಟದ ಕರಾರು ನೋಂದಣಿ ಆಗದೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವಂತಿಲ್ಲ. ನಿಮ್ಮ ಸೈಟಿಗೆ ಅದು 2.40 ಲಕ್ಷ. ನಿಮ್ಮವರು ಕೊಡಲು ಹೊರಟಿರುವುದು 5 ಲಕ್ಷ.

ಇನ್ನು ನಿಮ್ಮ ಮಿಕ್ಸಿ. ಎರಡು ತಿಂಗಳು ಯಾಕಮ್ಮಾ? ಚಟ್ನಿ ಸ್ವಲ್ಪ ತರಿಯಾದರೆ ಏನು ಮುಳುಗುತ್ತೆ? ದಿನವೂ ಅಂಥದ್ದಕ್ಕೆಲ್ಲ ನಿಮ್ಮ ಲೆಕ್ಕ ಕೇಳಿ ಕೇಳಿ ಅವರ ಕಿವಿ ಮಂದವಾಗಿದೆ. ಹಾಗಾಗಿ ಸೈಟಿನ ವಿಷಯವೂ ಅವರಿಗೆ ಮಿಕ್ಸಿಯ ಹಾಗೇ ಕೇಳಿಸಿದೆ. ತರಕಾರಿ, ಸೀರೆ, ಹಬ್ಬದ ಉಡುಗೊರೆ, ಇವನ್ನೆಲ್ಲ ಅವರ ಪಾಲಿಗೆ ಬಿಡಿ. ಪಟ್ಟಿ ಮಾಡುವ ಚಟ ನನಗೂ ಇದೆ, ಬಿಡುವುದು ಕಷ್ಟ ಅಂತ ಗೊತ್ತು.

ಅತ್ತೆಯ ಎದುರು ರೇಗಿದ್ದು ಸರಿಯಲ್ಲ, ಅದನ್ನು ಅವರಿಗೆ ಹೇಳಿ. ಆದರೆ ಇವತ್ತಲ್ಲ. ಇವತ್ತು ಅಂಗಡಿ ಬಾಗಿಲು ಹಾಕಿ ಬಂದ ಮೇಲೆ, "ಅಲ್ರೀ, ಆ ಲೇಔಟಿನವರಿಗೆ ನೀವಾಗಿದ್ದರೆ 5 ಲಕ್ಷ ಉದ್ರಿ ಕೊಡ್ತಿದ್ರಾ?" ಅಂತ ಕೇಳಿ ನೋಡಿ. ಆಮೇಲೆ ಇಬ್ಬರೂ ಲೇಔಟಿನವರ ಹತ್ತಿರ ಹೋಗಿ ಬನ್ನಿ. ನಿಮ್ಮವರು ಮಾರುವವರ ಜೊತೆ ಮಾತಾಡುತ್ತಿರಲಿ, ನೀವು ಫೈಲು ನೋಡಿ. ಭಾನುವಾರ ಬೇಡ, ಕಾಗದ ತಾಳೆ ನೋಡಲು ಉಪನೋಂದಣಿ ಕಚೇರಿ ತೆರೆದಿರುವ ದಿನ ಹೋಗಿ.