ಫೆಬ್ರವರಿ ಕೊನೆಗೆ ಯುರೋಪಿನ ಯಾವ ಊರಿಗೆ ಹೋಗಬೇಕು? ಈ ಸಲ ದಕ್ಷಿಣಕ್ಕೆ ಇಳಿಯಿರಿ

ಫೆಬ್ರವರಿ ಕೊನೆಯ ವಾರ ಬೆಂಗಳೂರಿನಿಂದ ಹೊರಡುತ್ತೀರಿ, ಕೈಯಲ್ಲಿ ಒಂಬತ್ತು ದಿನ ಇದೆ. ಜೊತೆಗೆ ಅರವತ್ತೈದು ದಾಟಿದ ಅಪ್ಪ ಅಮ್ಮ. ಎಲ್ಲರೂ ಸಸ್ಯಾಹಾರಿಗಳು. ಅಮ್ಮನಿಗೆ ಒಮ್ಮೆ ಹಿಮ ಮುಟ್ಟಿ ನೋಡುವ ಆಸೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವಿಯೆನ್ನಾ, ರೋಮ್ ಈ ಐದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಐದನ್ನೂ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಈ ಸಲ ಸ್ಪೇನಿನ ದಕ್ಷಿಣಕ್ಕೆ, ಆಂಡಲೂಸಿಯಾಗೆ ಹೋಗಿ. ಸೆವಿಲ್, ಕೊರ್ಡೊಬಾ, ಗ್ರನಾಡಾ. ಮೂರೇ ಊರು. ಅಮ್ಮನ ಹಿಮವೂ ಅಲ್ಲೇ ಸಿಗುತ್ತದೆ, ಮುಂದೆ ಹೇಳುತ್ತೇನೆ.

ಶಿವರಾತ್ರಿ ಬಂತೆಂದರೆ ಚಳಿ 'ಶಿವ ಶಿವ' ಎನ್ನುತ್ತಾ ಓಡಿಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಇಲ್ಲಿ ಚಳಿ ಅಷ್ಟು ಬೇಗ ಜಾಗ ಬಿಡುವುದಿಲ್ಲ. ನಾನಿರುವುದು ಜರ್ಮನಿಯಲ್ಲಿ. ಫೆಬ್ರವರಿ ಕೊನೆ ಎಂದರೆ ಇಲ್ಲಿ ವರ್ಷದಲ್ಲೇ ಬೇಸರದ ಹೊತ್ತು. ಕ್ರಿಸ್‌ಮಸ್ ಸಂತೆ, ದೀಪ, ಅಲಂಕಾರ ಎಲ್ಲ ತೆಗೆದು ಎಷ್ಟೋ ದಿನ ಆಗಿರುತ್ತದೆ. ಮರಗಳಲ್ಲಿ ಒಂದು ಎಲೆ ಇರುವುದಿಲ್ಲ. ಊರೊಳಗೆ ಬೆಳ್ಳಗಿನ ಹಿಮ ಕಾಣುವುದೂ ಅಪರೂಪ. ಬಿದ್ದರೂ ಅರ್ಧ ದಿನದಲ್ಲಿ ಕರಗಿ ರಸ್ತೆ ಬದಿ ಕೆಸರಾಗುತ್ತದೆ. ಮೋಡ ಕವಿದ ಆಕಾಶ ವಾರಗಟ್ಟಲೆ ಹಾಗೇ ಇರುತ್ತದೆ. ಇಲ್ಲಿರುವ ಎಷ್ಟೋ ಜನ ಆ ಹೊತ್ತಿಗೆ ಬಿಸಿಲು ಹುಡುಕಿಕೊಂಡು ದಕ್ಷಿಣಕ್ಕೆ ಹೊರಡುತ್ತಾರೆ, ನಾನೂ ಹೊರಡುತ್ತೇನೆ. ಬೆಂಗಳೂರಿನಿಂದ ಇಷ್ಟು ಖರ್ಚು ಮಾಡಿಕೊಂಡು ಬರುವವರು, ನಾವು ಬಿಟ್ಟು ಓಡುವ ಹವೆಗೆ ಬಂದು ಸಿಕ್ಕಿಕೊಳ್ಳಬೇಕಾ?

ಊರು ಆರಿಸುವಾಗ ಎಲ್ಲರೂ ಉಷ್ಣಾಂಶ ನೋಡುತ್ತಾರೆ. ಬೆಳಕನ್ನೂ ನೋಡಬೇಕು. ಫೆಬ್ರವರಿ ಕೊನೆಯಲ್ಲಿ ಪ್ರಾಗ್‌ನಲ್ಲಿ ಸಂಜೆ ಐದೂಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಸೆವಿಲ್‌ನಲ್ಲಿ ಏಳು ಗಂಟೆವರೆಗೂ ಬೆಳಕಿರುತ್ತದೆ. ಎರಡೂ ಕಡೆ ಗಡಿಯಾರ ಒಂದೇ. ಸ್ಪೇನ್ ಇರುವುದು ಪಶ್ಚಿಮದಲ್ಲಿ, ಹೆಚ್ಚು ಕಡಿಮೆ ಬ್ರಿಟನ್ನಿನ ನೇರಕ್ಕೆ. ಆದರೆ 1940ರಿಂದ ಜರ್ಮನಿಯ ಸಮಯವನ್ನೇ ಇಟ್ಟುಕೊಂಡಿದೆ. ಹಾಗಾಗಿ ಅಲ್ಲಿ ಬೆಳಗಾಗುವುದೂ ತಡ, ಕತ್ತಲಾಗುವುದೂ ತಡ. ಹಿರಿಯರ ಜೊತೆ ಹೋದಾಗ ಇದು ತುಂಬ ಅನುಕೂಲ. ಬೆಳಿಗ್ಗೆ ಸ್ನಾನ, ತಿಂಡಿ ಮುಗಿಸಿ ಹತ್ತಕ್ಕೆ ಹೊರಟರೂ ದಿನ ಉಳಿದಿರುತ್ತದೆ. ಮಧ್ಯಾಹ್ನ ಹೋಟೆಲಿಗೆ ಬಂದು ಒಂದು ನಿದ್ದೆ ಮಾಡಿ ಎದ್ದರೂ ಸಂಜೆ ಬಾಕಿ ಇರುತ್ತದೆ.

ಉಷ್ಣಾಂಶಕ್ಕೆ ಬಂದರೆ, ಆ ಹೊತ್ತಿಗೆ ಸೆವಿಲ್‌ನಲ್ಲಿ ಹಗಲು ಸಾಮಾನ್ಯವಾಗಿ 18 ಡಿಗ್ರಿ ಆಸುಪಾಸು, ರಾತ್ರಿ ಏಳೆಂಟು. ಪ್ಯಾರಿಸ್‌ನಲ್ಲಿ ಹಗಲೇ ಎಂಟೊಂಬತ್ತು. ಪ್ರಾಗ್‌ನಲ್ಲಿ ನಾಲ್ಕೈದು, ರಾತ್ರಿ ಸೊನ್ನೆಗಿಂತ ಕೆಳಗೆ. ಮೇ, ಜೂನ್ ರಜೆಯಲ್ಲಿ ಬರುವವರಿಗೆ ನಾನು ಸೆವಿಲ್ ಹೇಳುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ನೀವು ಬರುತ್ತಿರುವುದು ಅದಕ್ಕೆ ಹೇಳಿ ಮಾಡಿಸಿದ ಕಾಲ.

ಇನ್ನು ನಿಮ್ಮ ಪಟ್ಟಿ. ಆಮ್‌ಸ್ಟರ್‌ಡ್ಯಾಮ್ ಎಂದಾಕ್ಷಣ ನಮ್ಮವರಿಗೆ ಟ್ಯೂಲಿಪ್ ತೋಟ ಕಣ್ಮುಂದೆ ಬರುತ್ತದೆ. ಕ್ಯೂಕೆನ್‌ಹಾಫ್ ತೋಟ ಬಾಗಿಲು ತೆರೆಯುವುದೇ ಮಾರ್ಚ್ ಮೂರನೇ ವಾರದ ಸುಮಾರಿಗೆ, ಹೊಲಗಳಲ್ಲಿ ಹೂವು ತುಂಬುವುದು ಏಪ್ರಿಲ್‌ನಲ್ಲಿ. ಫೆಬ್ರವರಿಯಲ್ಲಿ ಸಿಗುವುದು ಕಾಲುವೆ ಮೇಲಿನ ತಣ್ಣನೆ ಗಾಳಿ ಮಾತ್ರ. ಪ್ರಾಗ್ ಚೆಂದದ ಊರು, ಆದರೆ ಅದು ಬೀದಿ ಸುತ್ತಿ ನೋಡುವ ಊರು. ಸೇತುವೆ ಮೇಲೆ ನಿಂತರೆ ಅಪ್ಪ ಅಮ್ಮನಿಗೆ ಹತ್ತೇ ನಿಮಿಷದಲ್ಲಿ ಒಳಗೆ ಹೋದರೆ ಸಾಕು ಅನ್ನಿಸುತ್ತದೆ. ಪ್ಯಾರಿಸ್ ಬಗ್ಗೆಯೂ ಅದೇ ಮಾತು. ರೋಮ್ ಪರವಾಗಿಲ್ಲ, ಹಗಲು 13-14 ಡಿಗ್ರಿ, ಜನಜಂಗುಳಿಯೂ ಕಡಿಮೆ. ಐದರಲ್ಲಿ ಒಂದನ್ನಾದರೂ ಉಳಿಸಿಕೊಳ್ಳಲೇಬೇಕು ಎಂದರೆ ಅದನ್ನು ಉಳಿಸಿಕೊಳ್ಳಿ.

ವಿಯೆನ್ನಾ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. ಉತ್ತರದ ಊರುಗಳಲ್ಲಿ ಚಳಿಗಾಲಕ್ಕೆ ಸರಿಯಾಗಿ ಒಗ್ಗಿರುವ ಊರು ಅದು. ಅಲ್ಲಿನ ಮುಖ್ಯ ಸೊಗಸೆಲ್ಲ ಒಳಗಡೆಯೇ ಇದೆ. ಕಾಫಿ ಹೌಸಿನಲ್ಲಿ ಒಂದು ಮೆಲಾಂಜ್, ಅಂದರೆ ಹಾಲಿನ ನೊರೆ ಹಾಕಿದ ಕಾಫಿ, ತರಿಸಿಕೊಂಡರೆ ಬೆಳ್ಳಿ ಬಣ್ಣದ ಟ್ರೇನಲ್ಲಿ ಪಕ್ಕಕ್ಕೊಂದು ಲೋಟ ನೀರಿಟ್ಟು ಕೊಡುತ್ತಾರೆ, ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ. ಅಲ್ಲಿನ ಕಲಾ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳದೇ ಒಂದು ಕೋಣೆ ಇದೆ. ಹಿಮದಲ್ಲಿ ಬೇಟೆಗಾರರು ನಾಯಿಗಳ ಜೊತೆ ಮನೆಗೆ ಮರಳುವ 1565ರ ಚಿತ್ರ ಇರುವುದು ಅಲ್ಲೇ. ಮ್ಯೂಸಿಯಂ, ಸಂಗೀತ ಇಷ್ಟಪಡುವವರಾದರೆ ಫೆಬ್ರವರಿಯಲ್ಲಿ ವಿಯೆನ್ನಾಗೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ಸುಮ್ನೆ ಫೋಟೋಗೆ ಹೋಗುವುದಾದರೆ ಬೇಡ.

ಈಗ ಸೆವಿಲ್. ಅಲ್ಲಿ ಬೀದಿ ಬೀದಿಗೂ ಕಿತ್ತಳೆ ಮರಗಳಿವೆ. ಊರಲ್ಲೆಲ್ಲ ಸೇರಿ ಹತ್ತಾರು ಸಾವಿರ. ಜನವರಿ, ಫೆಬ್ರವರಿಯಲ್ಲಿ ಮರದ ತುಂಬ ಹಣ್ಣು. ನಗರಸಭೆಯವರು ಕೊಂಬೆ ಅಲ್ಲಾಡಿಸಿ ಹಣ್ಣು ಕೆಡವಿ ರಾಶಿ ಹಾಕುತ್ತಿರುತ್ತಾರೆ. ನೋಡಿದ ಕೂಡಲೇ ಒಂದು ಸುಲಿದು ತಿನ್ನೋಣ ಅನ್ನಿಸುತ್ತದೆ, ಆದರೆ ಬಾಯಿಗಿಡಲು ಆಗದಷ್ಟು ಕಹಿ. ಈ ತಳಿಯ ಹಣ್ಣು ಬ್ರಿಟನ್ನಿಗೆ ಹೋಗಿ ಮಾರ್ಮಲೇಡ್ ಆಗುತ್ತದೆ. ಮಾರ್ಚ್ ಬಂತೆಂದರೆ ಅದೇ ಮರಗಳು ಬಿಳಿ ಹೂವು ಬಿಡುತ್ತವೆ, ಇಡೀ ಓಣಿ ಘಮ್ಮೆನ್ನುತ್ತದೆ. ನಿಮ್ಮ ಪ್ರಯಾಣ ಒಂದೆರಡು ವಾರ ಮುಂದೆ ಹೋದರೆ ಆ ಘಮವೂ ಸಿಗುತ್ತದೆ.

ಅಲ್ಲಿನ ದೊಡ್ಡ ಚರ್ಚಿಗೆ ಅಂಟಿಕೊಂಡಿರುವ ಹಿರಾಲ್ಡಾ ಗೋಪುರ 104 ಮೀಟರ್ ಎತ್ತರ. ಅಷ್ಟೆತ್ತರ ಅಪ್ಪ ಅಮ್ಮ ಹೇಗೆ ಹತ್ತುತ್ತಾರೆ ಎಂದು ಹೆದರಬೇಡಿ. ಹನ್ನೆರಡನೇ ಶತಮಾನದಲ್ಲಿ ಮಸೀದಿಯ ಮಿನಾರಾಗಿ ಕಟ್ಟುವಾಗ, ಪ್ರಾರ್ಥನೆಗೆ ಕರೆಯುವವನು ಕುದುರೆ ಮೇಲೇ ಹೋಗಲಿ ಎಂದು ಒಳಗೆ ಮೆಟ್ಟಿಲ ಬದಲು ಇಳಿಜಾರು ದಾರಿ ಮಾಡಿದ್ದಾರೆ ಎನ್ನುತ್ತಾರೆ. ಅಂಥ 35 ಇಳಿಜಾರುಗಳು, ತುದಿಯಲ್ಲಿ ಮಾತ್ರ ಕೆಲವು ಮೆಟ್ಟಿಲು. ಮಂಡಿನೋವು ಇದ್ದರೂ ನಿಧಾನಕ್ಕೆ, ನಡುನಡುವೆ ಕಿಟಕಿಯ ಹತ್ತಿರ ನಿಂತು ಹತ್ತಬಹುದು. ಸಂಜೆ ಪ್ಲಾಸಾ ದೆ ಎಸ್ಪಾನ್ಯಾ ಎಂಬ ದೊಡ್ಡ ಚೌಕಕ್ಕೆ ಹೋಗಿ. 1929ರ ಮೇಳಕ್ಕೆ ಕಟ್ಟಿದ್ದು. ಸ್ಪೇನಿನ ಒಂದೊಂದು ಪ್ರಾಂತ್ಯಕ್ಕೂ ಒಂದೊಂದು ಟೈಲ್ಸ್ ಕಟ್ಟೆ ಇದೆ, ಕೂತು ಬಿಸಿಲು ಕಾಯಿಸಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಆ ಊರಲ್ಲಿಲ್ಲ.

ಕೊರ್ಡೊಬಾಗೆ ಸೆವಿಲ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು, ಲಗೇಜು ಹೊರುವ ಗೋಜಿಲ್ಲ. ಅಲ್ಲಿನ ಮೆಸ್ಕೀಟಾ ನೋಡಬೇಕು. ಎಂಟನೇ ಶತಮಾನದ ಕೊನೆಯಲ್ಲಿ ಶುರುವಾದ ಮಸೀದಿ, ಈಗ ಚರ್ಚು. ಒಳಗೆ 850ಕ್ಕೂ ಹೆಚ್ಚು ಕಂಬಗಳಿವೆ. ಹಳೆಯ ಭಾಗದ ಕಂಬಗಳನ್ನು ಹತ್ತಿರ ಹೋಗಿ ನೋಡಿ, ಒಂದರ ಹಾಗೆ ಒಂದಿಲ್ಲ. ಬಣ್ಣ ಬೇರೆ, ನೆತ್ತಿಯ ಕೆತ್ತನೆ ಬೇರೆ, ಕೆಲವಕ್ಕೆ ಬುಡದ ಪೀಠವೇ ಇಲ್ಲ. ರೋಮನ್ನರ, ಅವರ ನಂತರ ಅಲ್ಲಿ ಆಳಿದ ವಿಸಿಗಾತರ ಹಳೆಯ ಕಟ್ಟಡಗಳಿಂದ ತಂದು ನಿಲ್ಲಿಸಿದ ಕಂಬಗಳು ಅವು. ಅಷ್ಟು ದೊಡ್ಡ ಹಜಾರಕ್ಕೆ ಅವು ಗಿಡ್ಡವಾದವು. ಚಾವಣಿ ಎತ್ತರಿಸಲು ಒಂದು ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು ಇಟ್ಟಿಗೆ. ಇವತ್ತು ಎಲ್ಲರೂ ಫೋಟೋ ತೆಗೆಯುವ ಆ ಜೋಡಿ ಕಮಾನು ಹುಟ್ಟಿದ್ದು ಹೀಗೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಆ ಕಂಬಗಳ ನಡುವೆ ನೆಮ್ಮದಿಯಾಗಿ ಓಡಾಡಬಹುದು.

ಗ್ರನಾಡಾದಲ್ಲಿ ಎರಡು ಮೂರು ರಾತ್ರಿ ಇರಿ. ಸೆವಿಲ್‌ನಿಂದ ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಸುಮಾರು ಮೂರು ಗಂಟೆ. ಊರು 700 ಮೀಟರ್ ಎತ್ತರದಲ್ಲಿದೆ, ರಾತ್ರಿ ಚೆನ್ನಾಗಿ ಚಳಿ ಇರುತ್ತದೆ. ಗುಡ್ಡದ ಮೇಲೆ ಆಲಾಂಬ್ರಾ ಕೋಟೆ, ಅದರ ಹಿಂದೆ ಸಿಯೆರಾ ನೆವಾಡಾ ಬೆಟ್ಟಸಾಲು. ಅಲ್ಲಿನ ಅತಿ ಎತ್ತರದ ಶಿಖರ ಮುಲಾಸೆನ್ 3,479 ಮೀಟರ್. ಫೆಬ್ರವರಿಯಲ್ಲಿ ಆ ಸಾಲು ಬೆಳ್ಳಗಿರುತ್ತದೆ. ನಿಮ್ಮ ಅಮ್ಮ ಹಿಮ ಮುಟ್ಟಬೇಕಾದ್ದು ಇಲ್ಲೇ. ಸ್ಕೀ ಆಡುವವರಿಗಾಗಿ ಗ್ರನಾಡಾದಿಂದ ಬೆಟ್ಟದ ಮೇಲಿನ ಪ್ರಾದೊಯಾನೊಗೆ ಬಸ್ಸಿದೆ, ಹೆಚ್ಚೆಂದರೆ ಒಂದು ಗಂಟೆ ದಾರಿ. ಅಲ್ಲಿಂದ ಮುಚ್ಚಿದ ತೊಟ್ಟಿಲಿನ ರೋಪ್‌ವೇ 2,645 ಮೀಟರಿನ ಬೊರ್‍ರೆಗೀಲೆಸ್‌ಗೆ ಒಯ್ಯುತ್ತದೆ. ಸ್ಕೀ ಆಡದವರಿಗೂ ಟಿಕೆಟ್ ಕೊಡುತ್ತಾರೆ. ಮಧ್ಯಾಹ್ನದವರೆಗೆ ಹಿಮದಲ್ಲಿ ಕಾಲಾಡಿಸಿ, ಇಳಿದು ಬಂದು ಸಂಜೆ ಬಿಸಿಲಲ್ಲಿ ಕಾಫಿ ಕುಡಿಯಬಹುದು. ಇದಕ್ಕಾಗಿ ಸ್ವಿಟ್ಜರ್ಲೆಂಡಿಗೆ ಹೋಗುವ ಅಗತ್ಯವಿಲ್ಲ. ಅದೂ ಅಲ್ಲದೆ ಫೆಬ್ರವರಿಯಲ್ಲಿ ಯುರೋಪಿನ ಹಲವು ಕಡೆ ಶಾಲೆಗಳಿಗೆ ಸ್ಕೀ ರಜೆ, ಆಲ್ಪ್ಸ್ ಕಡೆ ರೂಮಿನ ಬಾಡಿಗೆ ಗಗನಕ್ಕೇರಿರುತ್ತದೆ.

ಊಟದ ಚಿಂತೆ ಹೇಳಿಕೊಂಡಿದ್ದೀರಿ. ಸ್ಪೇನ್ ಎಂದರೆ ಹಂದಿ ಮಾಂಸ, ಮೀನು ಎನ್ನುವುದು ನಿಜ, ಆದರೆ ಈ ಭಾಗದಲ್ಲಿ ಸಸ್ಯಾಹಾರಿಗೆ ಹೊಟ್ಟೆ ತುಂಬುತ್ತದೆ. ಸೆವಿಲ್‌ನ ಹಳೆಯ ಬಾರುಗಳಲ್ಲಿ ಪಾಲಕ್ ಮತ್ತು ಕಾಬೂಲ್ ಕಡಲೆಯ ಒಂದು ತಿನಿಸು ಮಾಡುತ್ತಾರೆ, ಎಸ್ಪಿನಾಕಾಸ್ ಕೊನ್ ಗರ್ಬಾನ್ಸೋಸ್. ಬೆಳ್ಳುಳ್ಳಿ, ಜೀರಿಗೆ, ಕೆಂಪು ಪಾಪ್ರಿಕಾ ಪುಡಿ, ಆಲಿವ್ ಎಣ್ಣೆ, ಕೊನೆಗೆ ಸ್ವಲ್ಪ ವಿನಿಗರ್. ಗಟ್ಟಿಯಾಗಲಿ ಎಂದು ಹುರಿದ ಬ್ರೆಡ್ ಜಜ್ಜಿ ಹಾಕುತ್ತಾರೆ. ಸಣ್ಣ ಮಣ್ಣಿನ ತಟ್ಟೆಯಲ್ಲಿ ಬಿಸಿಬಿಸಿ ಬರುತ್ತದೆ. ನಮ್ಮ ಸೊಪ್ಪಿನ ಹುಳಿಯನ್ನು ಗಟ್ಟಿ ಮಾಡಿದ ಹಾಗೆ ಇರುತ್ತದೆ, ಅಮ್ಮ ಎರಡನೇ ತಟ್ಟೆ ಕೇಳದಿದ್ದರೆ ಹೇಳಿ. ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ ಕರಿದು ಮೇಲೆ ಕಬ್ಬಿನ ಜೋನಿ ಸುರಿದು ಕೊಡುತ್ತಾರೆ, ಅದೂ ಚೆನ್ನಾಗಿರುತ್ತದೆ. ಕೊರ್ಡೊಬಾದಲ್ಲಿ ಸಾಲ್ಮೊರೆಹೊ ಎಂಬ ತಣ್ಣನೆ ಟೊಮ್ಯಾಟೊ ಸಾರು ಸಿಗುತ್ತದೆ. ಅದರ ಮೇಲೆ ಮೊಟ್ಟೆ, ಹಂದಿ ಮಾಂಸದ ಚೂರು ಉದುರಿಸುತ್ತಾರೆ, ಎರಡೂ ಬೇಡ ಎಂದು ಮೊದಲೇ ಹೇಳಿ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಕೆಲವು ಕಡೆ ಸಲಾಡಿನಲ್ಲಿ ಟ್ಯೂನಾ ಮೀನು ಹಾಕಿ ತರುತ್ತಾರೆ. ಮಾಂಸ ಬೇಡ, ಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ಅಪ್ಪನಿಗೆ ಎಂಟಕ್ಕೇ ಊಟ ಆಗಬೇಕೆಂದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ.

ಬಿಸಿಲೇ ಬೇಕು, ಸ್ಪೇನ್ ಬೇಡ ಎಂದರೆ ಫ್ರಾನ್ಸಿನ ನೀಸ್ ನೋಡಿ. ಫೆಬ್ರವರಿಯಲ್ಲಿ ಅಲ್ಲಿ ಕಾರ್ನಿವಲ್. ಪಕ್ಕದ ಮೆಂಟನ್‌ನಲ್ಲಿ ನಿಂಬೆ ಹಬ್ಬ, ಸುಮಾರು 140 ಟನ್ ನಿಂಬೆ, ಕಿತ್ತಳೆಯಿಂದ ಆಳೆತ್ತರಕ್ಕೂ ಮೀರಿದ ಆಕೃತಿಗಳನ್ನು ಮಾಡುತ್ತಾರೆ. ಎರಡೂ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಿಗೆ ಮುಗಿಯುತ್ತವೆ, ದಿನಾಂಕ ನೋಡಿಕೊಂಡು ಹೊರಡಿ. ಲಿಸ್ಬನ್ ಈ ಸಲ ಬೇಡ. ಅಟ್ಲಾಂಟಿಕ್ ಕಡೆಯ ಮಳೆ, ಊರೆಲ್ಲ ಏರಿಳಿತ, ನುಣುಪು ಸುಣ್ಣಕಲ್ಲಿನ ಕಾಲುದಾರಿ ಒದ್ದೆಯಾದರೆ ಜಾರುತ್ತದೆ. ಹಿರಿಯರನ್ನು ಕರೆದುಕೊಂಡು ಅಲ್ಲಿ ನಡೆಯುವುದು ಕಷ್ಟ. ಮಾರ್ಚ್ ಮಧ್ಯಕ್ಕೆ ಪ್ರಯಾಣ ಮುಂದೂಡಿದರೆ ವಲೆನ್ಸಿಯಾದ ಫಾಯಾಸ್ ಹಬ್ಬ ಸಿಗುತ್ತದೆ. ಬೀದಿಗಳಲ್ಲಿ ನಿಲ್ಲಿಸಿದ ದೈತ್ಯ ಬೊಂಬೆಗಳನ್ನು 19ರ ರಾತ್ರಿ ಸುಡುತ್ತಾರೆ. ತಿಂಗಳ ಮೊದಲ ದಿನದಿಂದಲೇ ಪ್ರತಿದಿನ ಮಧ್ಯಾಹ್ನ ಎರಡಕ್ಕೆ ಪುರಭವನದ ಮುಂದೆ ಪಟಾಕಿ. ಆ ಸದ್ದು ಎದೆಯನ್ನೇ ನಡುಗಿಸುತ್ತದೆ. ಯುವಕರಿಗೆ ಬಹಳ ಖುಷಿ, ನಿಮ್ಮ ತಂಡಕ್ಕೆ ಸರಿಹೋಗುವುದು ಅನುಮಾನ.

ಮ್ಯಾಡ್ರಿಡ್‌ನಲ್ಲಿ ಇಳಿದು ಮಲಗಾದಿಂದ ವಾಪಸ್ ಹೊರಡುವ ಹಾಗೆ ವಿಮಾನದ ಟಿಕೆಟ್ ತೆಗೆಯಿರಿ, ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ. ಮ್ಯಾಡ್ರಿಡ್‌ನಿಂದ ಸೆವಿಲ್‌ಗೆ ವೇಗದ ರೈಲು ಸುಮಾರು ಎರಡೂವರೆ ಗಂಟೆ. ಹೆಚ್ಚು ರಾತ್ರಿ ಸ್ಪೇನಿನಲ್ಲೇ ಇರುವುದರಿಂದ ಷೆಂಗೆನ್ ವೀಸಾಗೆ ಸ್ಪೇನಿಗೇ ಅರ್ಜಿ ಹಾಕಬೇಕು. ಆರು ತಿಂಗಳು ಮುಂಚಿನಿಂದಲೇ ಹಾಕಬಹುದು, ತಡ ಮಾಡಬೇಡಿ. ಆಲಾಂಬ್ರಾ ಟಿಕೆಟ್ ಮಾತ್ರ ವಿಮಾನದ ಟಿಕೆಟ್ ಆದ ಮರುದಿನವೇ ತೆಗೆದುಬಿಡಿ. ಕೋಟೆಯೊಳಗಿನ ನಸ್ರಿದ್ ಅರಮನೆಗೆ ಒಳಹೋಗಲು ಅರ್ಧ ಗಂಟೆಯ ಸಮಯ ಗೊತ್ತು ಮಾಡಿರುತ್ತಾರೆ, ತಪ್ಪಿದರೆ ಒಳಗೆ ಬಿಡುವುದಿಲ್ಲ. ಟಿಕೆಟ್ ಮೇಲೆ ಹೆಸರಿರುತ್ತದೆ, ಎಲ್ಲರ ಪಾಸ್‌ಪೋರ್ಟೂ ಕೈಯಲ್ಲಿರಲಿ. ಫೆಬ್ರವರಿ 28 ಆಂಡಲೂಸಿಯಾ ದಿನ, ಸರ್ಕಾರಿ ರಜೆ. ಆ ವಾರಾಂತ್ಯ ಸ್ಥಳೀಯರೂ ಊರು ಸುತ್ತಲು ಹೊರಡುತ್ತಾರೆ, ರೂಮು ಮೊದಲೇ ಹಿಡಿದಿಡಿ. ರೂಮು ಹಿಡಿಯುವಾಗ ಹೀಟರ್ ಇದೆಯಾ ಎಂದು ಕೇಳಲು ಮರೆಯಬೇಡಿ. ಅಲ್ಲಿನ ಹಳೆಯ ಮನೆಗಳು ಬೇಸಿಗೆಯ ಸೆಕೆಗೆಂದು ಕಟ್ಟಿದವು, ನೆಲವೆಲ್ಲ ಟೈಲ್ಸ್, ರಾತ್ರಿ ಹೊರಗಿಗಿಂತ ಒಳಗೇ ಚಳಿ ಜಾಸ್ತಿ. ಅಪ್ಪ ಅಮ್ಮನಿಗೆ ಎರಡೆರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಥರ್ಮಲ್, ಒಂದು ಸ್ವೆಟರ್, ಗಾಳಿ ತಡೆಯುವ ಒಂದು ಜಾಕೆಟ್ ಸಾಕು. ಹಿಮದ ದಿನಕ್ಕೆ ಕೈಗವಸು ಮತ್ತು ನೀರು ಒಳಗೆ ಇಳಿಯದ ಬೂಟು ಬೇಕಾಗುತ್ತದೆ.