ಅಗೆಯದೆ ಏರುಮಡಿ ಕಟ್ಟುವಾಗ ಮೇಲಿನ 4 ಅಂಗುಲದ ಬಗ್ಗೆ ಎಚ್ಚರವಿರಲಿ

ಸಾಗರದ ಕಡೆಯ ನಿಮ್ಮ ಹಿತ್ತಿಲು ಜಂಬಿಟ್ಟಿಗೆ ನೆಲ, ಹಾರೆಯೇ ಇಳಿಯುವುದಿಲ್ಲ, ಅಗೆಯದೆ ಬದನೆ, ಮೆಣಸಿನಕಾಯಿ ಬೆಳೆಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೆಳೆಯಬಹುದು, ನೆಲದ ಮೇಲೆಯೇ ಪದರ ಪದರವಾಗಿ ಎತ್ತರದ ಮಡಿ, ಅಂದರೆ ಏರುಮಡಿ ಕಟ್ಟಿದರಾಯಿತು. ಜೋರು ಮಳೆಗಾಲದಲ್ಲಿ ಕಟ್ಟಿದರೆ ಗೊಬ್ಬರದ ಸಾರವೆಲ್ಲ ತೊಳೆದುಹೋಗುವುದರಿಂದ ದಸರೆಯ ಹೊತ್ತಿಗೆ ಕೆಲಸ ಶುರು ಮಾಡಿ.

ಮಡಿಯ ಅಗಲ 4 ಅಡಿ ಮೀರದಿದ್ದರೆ ಎರಡೂ ಬದಿಯಿಂದ ನಡುವಿಗೆ ಕೈ ಎಟುಕುತ್ತದೆ, ಮಡಿಯನ್ನು ತುಳಿಯಬೇಕಾಗಿ ಬರುವುದಿಲ್ಲ. ಕಳೆಯನ್ನು ಕೀಳದೆ ನೆಲಮಟ್ಟಕ್ಕೆ ಸವರಿ, ನೆಲ ನೆನೆಸಿ, ಅದರ ಮೇಲೆ ಬಿಡಿಸಿದ ರಟ್ಟಿನ ಪೆಟ್ಟಿಗೆಗಳನ್ನು ಹಾಸಬೇಕು. ರಟ್ಟನ್ನು ಮೊದಲೇ ನೀರಿನಲ್ಲಿ ನೆನೆಸಿಟ್ಟರೆ ಟೇಪು ಸುಲಭವಾಗಿ ಸುಲಿದು ಬರುತ್ತದೆ. ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಡಿಯಾದರೂ ಕೂರಬೇಕು, ಏಕೆಂದರೆ ಗರಿಕೆಗೆ ಬೆರಳಗಲದ ಸಂದಿ ಸಿಕ್ಕರೂ ಸಾಕು. ಜೇಕು ಕಳೆಯ ಮೊಳಕೆಯಂತೂ ರಟ್ಟನ್ನೇ ತೂರಿಕೊಂಡು ಬರುತ್ತದೆ. ಅದಿರುವಲ್ಲಿ ಎರಡು ಪದರ ಹಾಸಿದರೂ ಕೆಲವು ತಿಂಗಳು ಬಂದದ್ದನ್ನು ಕೀಳುತ್ತಲೇ ಇರಬೇಕಾಗುತ್ತದೆ.

ಇದರ ಮೇಲೆ ಅರ್ಧ ಅಡಿ ದರಗು (ಒಣಗಿ ಉದುರಿದ ಎಲೆ) ಅಥವಾ ಭತ್ತದ ಹುಲ್ಲು, ಅದರ ಮೇಲೆ 2 ಅಂಗುಲ ಹಸಿರೆಲೆ ಗೊಬ್ಬರದ ಗ್ಲಿರಿಸಿಡಿಯಾ ಸೊಪ್ಪು, ಆಮೇಲೆ ಸೆಗಣಿ ಬಗ್ಗಡ, ಹೀಗೆ ಒಂದೂವರೆ ಅಡಿಯವರೆಗೆ ಏರಿಸುತ್ತ ಹೋಗಿ. ಒಣ ಪದರವೊಂದನ್ನು ಹಾಕಿದಾಗಲೆಲ್ಲ, ಒಂದು ಹಿಡಿ ತೆಗೆದು ಹಿಂಡಿದರೆ ನಾಲ್ಕು ಹನಿ ಉದುರುವಷ್ಟು ನೀರು ಹಾಕಬೇಕು. ಒಣಗಿದ ಹುಲ್ಲು ಒಳಗೆ ಸೇರಿಕೊಂಡರೆ ಆಮೇಲೆ ಮೇಲಿನಿಂದ ಎಷ್ಟು ನೀರು ಹಾಕಿದರೂ ಅದು ನೆನೆಯುವುದು ಕಷ್ಟ, ಗೆದ್ದಲು ಅಲ್ಲಿಯೇ ಬೀಡುಬಿಡುತ್ತದೆ. ಬೇವಿನ ಹಿಂಡಿಯನ್ನು ಪದರಗಳ ನಡುವೆ ಉದುರಿಸುವುದು ಒಳ್ಳೆಯದು.

ನಾನು ಮೊದಲ ಸಲ ಎಡವಿದ್ದು ಇದರ ನಂತರದ ಹಂತದಲ್ಲಿ. ಹಸಿ ಸೆಗಣಿಯ ಪದರದ ಮೇಲೆ ತೆಳ್ಳಗೆ ಮಣ್ಣು ಹರಡಿ ಬದನೆ ಸಸಿ ನೆಟ್ಟಿದ್ದೆ. ಐದನೆಯ ದಿನ ಎಲೆಗಳು ಜೋತುಬಿದ್ದವು. ಬುಡದಲ್ಲಿ ಬೆರಳಿಟ್ಟರೆ ಬಿಸಿ ತಾಗುತ್ತಿತ್ತು, ಕಿತ್ತು ನೋಡಿದರೆ ಬೇರಿನ ತುದಿಗಳು ಕಂದಾಗಿದ್ದವು. ಉಳಿದ ಸಸಿಗಳು ಹಳದಿಯಾದವು, ಏಕೆಂದರೆ ಹುಲ್ಲನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಸಿಗೆ ಸಿಗಬೇಕಾದ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ. ಆದ್ದರಿಂದ ಪೂರ್ತಿ ಕಳಿತ, ಮಣ್ಣಿನ ವಾಸನೆ ಬರುವ ಗೊಬ್ಬರವನ್ನೇ ಮೇಲೆ 4 ಅಂಗುಲ ಹರಡಿ. ಹತ್ತು ಅಡಿ ಉದ್ದದ ಮಡಿಗೆ ಇದು ಸುಮಾರು 13 ಘನ ಅಡಿಯಾಗುತ್ತದೆ, ಅಂದರೆ ದೊಡ್ಡ ಚೀಲದಲ್ಲಿ ಐದು ಚೀಲ ಬೇಕು. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಅಷ್ಟು ಗೊಬ್ಬರವಿಲ್ಲದಿದ್ದರೆ ಮಡಿಯನ್ನೇ ಚಿಕ್ಕದು ಮಾಡಿ.

ಮಡಿಯ ಒಳಗಿನ ಬಿಸಿ ಇಳಿಯಲು ಮೂರ್ನಾಲ್ಕು ವಾರ ಬಿಡಿ. ಅಷ್ಟರಲ್ಲಿ ಮಡಿಯೂ ಸಾಕಷ್ಟು ಕುಸಿದಿರುತ್ತದೆ. ಆಮೇಲೆ ಗೊಬ್ಬರದಲ್ಲಿ ಗುಳಿ ಮಾಡಿ ಬದನೆಯನ್ನು 2 ಅಡಿಗೊಂದು, ಮೆಣಸನ್ನು ಒಂದೂವರೆ ಅಡಿಗೊಂದರಂತೆ ನೆಟ್ಟು, ಬುಡಕ್ಕೆ ತಾಗದಂತೆ ದರಗು ಮುಚ್ಚಿ. ಅಂಚಿನಲ್ಲಿ ಬಸಳೆ ಹಬ್ಬಿಸಬಹುದು. ಮೂಲಂಗಿ, ಕ್ಯಾರೆಟ್ ಮಾತ್ರ ಮೊದಲ ವರ್ಷ ಬೇಡ, ಅರೆಕೊಳೆತ ಪದರ ತಾಗಿ ಗಡ್ಡೆ ಕವಲೊಡೆಯುತ್ತದೆ.